ಪಕ್ಕದ ಸೀಟಿನ ಕರಿಬೇವು

ಕಾರಿನಲ್ಲಿ ಒಬ್ಬರೇ ದೂರದ ಊರಿಗೆ ಹೊರಡುವವರು ಆ ಸುದ್ದಿಯನ್ನು ಯಾರಿಗೂ ಹೇಳಬಾರದು. ವಿಮಾನದಲ್ಲಿ ಹೋಗ್ತೀನಿ ಅಂದರೆ ಜನ ತೂಕದ ಭಯಕ್ಕೆ ಸ್ವಲ್ಪ ಸಂಕೋಚ ಪಡುತ್ತಾರೆ, ಹೆಚ್ಚೆಂದರೆ ಒಂದು ಪೊಟ್ಟಣ ಚಟ್ನಿಪುಡಿ ಕೊಟ್ಟು ಸುಮ್ಮನಾಗುತ್ತಾರೆ. ಕಾರು ಅಂದ ಕೂಡಲೇ ಅವರ ಕಣ್ಣು ಮೊದಲು ಹೋಗುವುದು ಡಿಕ್ಕಿಗೆ. ಆಮೇಲೆ ಹಿಂದಿನ ಸೀಟಿಗೆ. ನಾವು ಕಾಣಿಸುವುದು ಕೊನೆಯಲ್ಲಿ, ಅದೂ ಸ್ಟೀರಿಂಗ್ ಹಿಡಿಯಲು ಯಾರಾದರೂ ಬೇಕಲ್ಲ ಅನ್ನುವ ಕಾರಣಕ್ಕೆ. ಈ ತಿಳಿವಳಿಕೆ ನನಗೆ ನ್ಯೂಜೆರ್ಸಿ ಬಿಡುವಾಗ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾ ತಲುಪುವ ಹೊತ್ತಿಗೆ ಧಾರಾಳವಾಗಿ ಬಂದಿತ್ತು.

ಸಂಗತಿ ಇಷ್ಟು. ನಾನು ಹುಬ್ಬಳ್ಳಿಯವಳು, ನಮ್ಮವರು ಉಡುಪಿ ಕಡೆಯವರು. ನಾನು ಮಾತಾಡಿದರೆ ಜಗಳ ಅನ್ನಿಸುತ್ತದೆ, ಅವರು ಜಗಳವಾಡಿದರೂ ಯಾರೋ ವಿಳಾಸ ಕೇಳಿದಂತೆ ಇರುತ್ತದೆ. ಎರಡು ವರ್ಷದ ಹಿಂದೆ ನ್ಯೂಜೆರ್ಸಿಯಲ್ಲಿ ಅವರು ಕೆಲಸ ಮಾಡುತ್ತಿದ್ದ ಬಯೋಟೆಕ್ ಲ್ಯಾಬು ಬಾಗಿಲು ಹಾಕಿತು. ಒಂದು ಸಂಜೆ ನಾನು ಗ್ರೋಸರಿ ಅಂಗಡಿಯಲ್ಲಿ ಸೋರೆಕಾಯಿಗೆ ಉಗುರು ಒತ್ತಿ ನೋಡುತ್ತಿದ್ದಾಗ ಫೋನು ಬಂತು. "ಸೌತ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ಕೆಲಸ ಸಿಕ್ಕಿತು ಮಾರಾಯ್ತಿ. ಹೂಂ ಅಂದುಬಿಟ್ಟೆ." ನಾನೂ "ಛಲೋ ಆತು ಬಿಡ್ರಿ" ಅಂದೆ. ಕಾರಿಗೆ ಬಂದು ಕೂತ ಮೇಲೆ ಮೈಯೆಲ್ಲ ಉರಿದುಹೋಯಿತು. ಈ ಮನುಷ್ಯ ನನ್ನನ್ನು ಕೇಳಲೇ ಇಲ್ಲವಲ್ಲ! ಸುಮ್ಮನೆ ಹೇಳಿದರು. ನನಗೂ ಒಂದು ಕೆಲಸವಿತ್ತು, ಹೈಸ್ಕೂಲಿನಲ್ಲಿ ಓದುವ ಮಗಳಿದ್ದಳು, ಹಿತ್ತಲಲ್ಲಿ ಅಷ್ಟಿಷ್ಟು ಮೆಂತ್ಯ ಸೊಪ್ಪಿತ್ತು. ಇದನ್ನೆಲ್ಲ ಬಿಟ್ಟು ದೇಶದ ಆ ತುದಿಗೆ ಬರ್ತೀಯಾ ಅಂತ ಒಂದು ಮಾತು ಕೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಮಗಳ ಹೈಸ್ಕೂಲು ಮುಗಿಯುವ ತನಕ ನಾನು ಆ ಕಡೆ, ಅವರು ಈ ಕಡೆ. ದಿನಾ ವಿಡಿಯೋ ಕಾಲು ಇತ್ತು. ಆದರೆ ವಿಡಿಯೋ ಕಾಲಿನಲ್ಲಿ ಜಗಳ ಆಡುವುದು ಬಹಳ ಕಷ್ಟ. ಮೂಲೆಯಲ್ಲಿ ಒಂದು ಸಣ್ಣ ಚೌಕದೊಳಗೆ ನಮ್ಮದೇ ಮುಖ ಕಾಣುತ್ತಿರುತ್ತದೆ. ಸಿಟ್ಟು ಬಂದಾಗ ನನ್ನ ಮೂಗು ಇಷ್ಟು ಅಗಲ ಆಗುತ್ತದೆ ಅಂತ ನನಗೆ ಗೊತ್ತಾದದ್ದೇ ಅದರಿಂದ. ಮಾತು ಅಲ್ಲಿಗೇ ನುಂಗಿಕೊಂಡು "ಪಲ್ಯ ಏನು ಮಾಡಿದ್ರಿ?" ಅಂತ ಕೇಳುತ್ತಿದ್ದೆ. ಆಗಾಗ ವಿಮಾನದಲ್ಲಿ ಬಂದು ಒಂದು ಶನಿವಾರ, ಒಂದು ಭಾನುವಾರ ಇದ್ದು ಹೋಗುತ್ತಿದ್ದರು, ನೆಂಟರ ಹಾಗೆ. ಬಂದ ನೆಂಟರ ಹತ್ತಿರ ಜಗಳ ತೆಗೆಯೋಕಾಗುತ್ತದೆಯೇ? ಹೀಗೆ ಆ ಒಂದು ಮಾತು ಎರಡು ವರ್ಷ ಗಂಟಲಲ್ಲೇ ಕೂತಿತ್ತು.

ಮಗಳನ್ನು ಕಾಲೇಜಿನ ಹಾಸ್ಟೆಲಿಗೆ ಬಿಟ್ಟೆ. ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಕಾರನ್ನು ಲಾರಿಯಲ್ಲಿ ತರಿಸುವ, ನೀನು ವಿಮಾನದಲ್ಲಿ ಬಾ ಅಂದರು ನಮ್ಮವರು. "ಹೋಗೋದು ನೀವು ತೀರ್ಮಾನ ಮಾಡಿದ್ರಿ, ಬರೋದಾದ್ರೂ ನಾ ಮಾಡ್ತೀನಿ. ಕಾರು ನಾನೇ ಓಡಿಸ್ಕೊಂಡು ಬರ್ತೀನಿ" ಅಂದೆ. ಅವರು, "ಹಾಗಾದರೆ ನಾನು ರೈಲು ಹತ್ತಿ ಬೆಟ್ಟದಾಚೆ ರೀನೋ ತನಕ ಬರ್ತೇನೆ. ಅಲ್ಲಿಂದ ಬೆಟ್ಟ ಇಳಿದು ಒಟ್ಟಿಗೇ ಮನೆಗೆ ಹೋಗುವ. ನೀನು ಪಕ್ಕದ ಸೀಟೊಂದು ಖಾಲಿ ಇಡು" ಅಂದರು. ನನಗೆ ಕಣ್ಣು ತುಂಬಿ ಬಂತು, ಅದನ್ನು ತೋರಿಸಿಕೊಳ್ಳಲಿಲ್ಲ. ಅವತ್ತೇ ನಿಶ್ಚಯ ಮಾಡಿದೆ: ರೀನೋದಿಂದ ಮನೆಗೆ ಬರುವ ಆ ಹಾದಿಯಲ್ಲಿ ಆ ಮಾತು ಆಡಿಬಿಡಬೇಕು. ಮನೆಯೊಳಗೆ ಕಾಲಿಟ್ಟ ಮೇಲೆ ಆಗುವುದಿಲ್ಲ. ಕುಕ್ಕರು ಕೂಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನು ನನ್ನ ಸ್ವಭಾವದ ಬಗ್ಗೆ ಒಂದು ಮಾತು. ನನಗೆ ಬಾಯಿ ಜೋರು ಅಂತ ಹೆಸರಿದೆ. ಮುಖಕ್ಕೆ ಹೊಡೆದಂತೆ ಮಾತಾಡ್ತಾಳೆ ಅಂತ ನನ್ನ ತವರಿನವರೂ ಹೇಳುತ್ತಾರೆ, ಅತ್ತೆ ಮನೆಯವರೂ ಹೇಳುತ್ತಾರೆ, ಆ ಎರಡು ಮನೆಯವರು ಒಪ್ಪಿಕೊಂಡಿರುವ ಸಂಗತಿ ಅದೊಂದೇ. ಆದರೆ ಯಾರಾದರೂ ಹೊಗಳಿದರೆ ಮಾತ್ರ ನಾನು ಬೆಣ್ಣೆ. ಕೊಲಂಬಸ್ಸಿನಲ್ಲಿ ನಮ್ಮವರ ಹಳೇ ಸ್ನೇಹಿತರ ಮನೆಯಲ್ಲಿ ಮೊದಲ ರಾತ್ರಿ ತಂಗಿದೆ. "ಅಬ್ಬಬ್ಬಾ, ಒಬ್ಬರೇ ಬಂದ್ರಾ! ನಮ್ಮನೆಯವಳು ಪಕ್ಕದ ಬೀದಿಗೂ ಒಬ್ಬಳೇ ಕಾರು ತೆಗೆಯಲ್ಲ" ಅಂದರು ಯಜಮಾನರು. ನಾನು ಪೂರಿ ಉಬ್ಬಿದ ಹಾಗೆ ಉಬ್ಬಿದೆ. ಅದೇ ಹೊತ್ತು ನೋಡಿ ಅವರ ಹೆಂಡತಿ, "ಹೇಗೂ ಕಾರಲ್ಲೇ ಹೋಗ್ತಿದ್ದೀರಲ್ಲ, ನಮ್ಮ ನಾದಿನಿಗೆ ಈ ಗ್ರೈಂಡರು..." ಅಂದರು. ಅದು ಕಲ್ಲಿನ ಗ್ರೈಂಡರು. ಇಬ್ಬರು ಸೇರಿ ಡಿಕ್ಕಿಗೆ ಎತ್ತಿಟ್ಟರು, ನನ್ನ ಸೀರೆಗಳ ಪೆಟ್ಟಿಗೆ ಹಿಂದಿನ ಸೀಟಿಗೆ ಬಂತು. ಶಿಕಾಗೋ ಹತ್ತಿರದ ಇನ್ನೊಂದು ಮನೆಯಲ್ಲಿ "ನಿಮ್ಮನ್ನ ನೋಡಿ ನಮ್ಮ ಹೆಣ್ಣುಮಕ್ಕಳು ಕಲೀಬೇಕು" ಅಂದರು. ಅಲ್ಲಿಂದ ಗಣಪತಿ ಕೂರಿಸುವ ಮರದ ಮಂಟಪ ಹತ್ತಿತು. ಮಡಚುವ ಮಂಟಪ ಅಂದಿದ್ದರು, ಆದರೆ ಮಡಚುವುದು ಹೇಗೆ ಅಂತ ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗಳಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. "ಅಮ್ಮಾ, ಜಸ್ಟ್ ಸೇ ನೋ!" ಅಂದಳು. "ಹೇಳ್ತೀನಿ ಪುಟ್ಟಿ, ಮುಂದಿನ ಮನೇಲಿ ಖಂಡಿತ ಹೇಳ್ತೀನಿ" ಅಂದೆ.

ಮುಂದಿನ ಮನೆ ಒಮಾಹಾದ ಶಾರದಕ್ಕನದು. ನನ್ನ ಅಕ್ಕನ ಗೆಳತಿಯ ತಾಯಿ, ಎಪ್ಪತ್ತರ ಮೇಲಿನ ವಯಸ್ಸು. ಅವರು ಏನನ್ನೂ ಕೇಳಲಿಲ್ಲ. ರಾತ್ರಿ ಬಿಸಿಬಿಸಿ ಹುಳಿ ಅನ್ನ ಬಡಿಸಿದರು, ಬೆಳಿಗ್ಗೆ ಬಿಸಿಲು ಬೀಳುವ ಕಿಟಕಿಯ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ನನ್ನ ಎದೆ ಮಟ್ಟದ ಕರಿಬೇವಿನ ಗಿಡ. ಆ ಊರಿನ ಹಿಮದ ಚಳಿಯಲ್ಲಿ ಎಷ್ಟೋ ವರ್ಷ ಮನೆಯೊಳಗೇ ಇಟ್ಟುಕೊಂಡು, ಎಲೆಎಲೆ ಒರೆಸಿ ಸಾಕಿದ್ದಂತೆ. "ನೀನು ಹೋಗೋ ಕಡೆನೇ, ಫ್ರೀಮಾಂಟಲ್ಲಿ ಮಗಳು ಹೊಸ ಮನೆ ತಗೊಂಡಿದಾಳೆ. ಗೃಹಪ್ರವೇಶಕ್ಕೆ ಹೋಗೋಕೆ ನನ್ನ ಮಂಡಿ ಬಿಡಲ್ಲ. ನಿನ್ನಂಥ ಗಟ್ಟಿಗಿತ್ತಿ ಸಿಕ್ಕರೆ ಕೊಟ್ಟು ಕಳಿಸೋಣ ಅಂತಿದ್ದೆ ಕಣಮ್ಮ" ಅಂದರು. ಗಟ್ಟಿಗಿತ್ತಿ ಅನ್ನುವ ಪದ ಕಿವಿಗೆ ಬೀಳುತ್ತಿದ್ದ ಹಾಗೇ ನನ್ನ ಕೈ ಕುಂಡದ ಮೇಲಿತ್ತು. ಗಿಡವನ್ನು ಮಲಗಿಸುವ ಹಾಗಿಲ್ಲ, ಅದರ ಮೇಲೆ ಮಂಟಪ ಒರಗಿಸುವ ಹಾಗಿಲ್ಲ. ಉಳಿದದ್ದು ಪಕ್ಕದ ಸೀಟು. ಕೂರಿಸಿ ಹೊರಟರೆ ಕಾರು ಟಿಣ್ ಟಿಣ್ ಅಂತ ಬಡಿದುಕೊಳ್ಳತೊಡಗಿತು, ಅದರ ಲೆಕ್ಕದಲ್ಲಿ ಅಲ್ಲಿ ಯಾರೋ ಬೆಲ್ಟು ಹಾಕಿಕೊಳ್ಳದೆ ಕೂತಿದ್ದರು. ಗಿಡಕ್ಕೆ ಬೆಲ್ಟು ಕಟ್ಟಿದೆ. ಪಕ್ಕದ ಸೀಟು ಖಾಲಿ ಇಡು ಅಂದಿದ್ದ ನಮ್ಮವರ ಮಾತು ಆಗ ನೆನಪಾಯಿತು. ರೀನೋ ಇನ್ನೂ ದೂರ ಇದೆ, ನೋಡೋಣ ಅಂದುಕೊಂಡೆ.

ನೆಬ್ರಾಸ್ಕಾ ದಾಟಿ ವಯೋಮಿಂಗಿಗೆ ಬಂದರೆ ಅಲ್ಲಿ ನೋಡಲು ಏನೂ ಇಲ್ಲ. ಆಕಾಶ, ಹುಲ್ಲು, ಮತ್ತೆ ಆಕಾಶ. ಅಷ್ಟು ಖಾಲಿ ಜಾಗದಲ್ಲಿ ಮನುಷ್ಯರು ಒಂದೋ ಸನ್ಯಾಸಿಗಳಾಗುತ್ತಾರೆ, ಇಲ್ಲ ಕರಿಬೇವಿನ ಹತ್ತಿರ ಮಾತಾಡುತ್ತಾರೆ. ರೀನೋದಲ್ಲಿ ಆಡಬೇಕಾದ ಮಾತನ್ನು ಒಮ್ಮೆ ಗಿಡದ ಮುಂದೆ ಆಡಿ ನೋಡೋಣ ಅಂತ ಶುರುಮಾಡಿದೆ. "ಅವತ್ತು ನೀವು ನನ್ನ ಕೇಳಲಿಲ್ಲ. ಕೇಳಿದ್ರೆ ನಾ ಏನ್ ಬ್ಯಾಡ ಅಂತಿದ್ನೇನು?" ಎ.ಸಿ. ಗಾಳಿಗೆ ಎಲೆಗಳು ಅಲ್ಲಾಡಿದವು, ಹೌದು ಹೌದು ಅಂದಂತೆ. ಇಷ್ಟು ಸರಿಯಾಗಿ ನನ್ನ ಮಾತು ಕೇಳಿಸಿಕೊಂಡವರು ನನ್ನ ಬದುಕಿನಲ್ಲಿ ಬೇರೆ ಯಾರೂ ಇಲ್ಲ. ಹುಮ್ಮಸ್ಸು ಬಂತು. ಮದುವೆಯ ಹೊಸದರಲ್ಲಿ ನಮ್ಮವರ ಅಕ್ಕ ನನ್ನ ಜೋಳದ ರೊಟ್ಟಿಗೆ ಅಂದದ್ದನ್ನೂ ಸೇರಿಸಿ ಆಡಿದೆ. ಕಾರಿನ ತುಂಬ ಒಗ್ಗರಣೆಯ ಪರಿಮಳ, ನನಗೆ ಬಾಯಿ ತುಂಬ ಮಾತು. ಸಂಜೆ ಬಿಸಿಲಲ್ಲಿ ಗಿಡವನ್ನು ಕಾರಿನಲ್ಲಿ ಬಿಡುವ ಧೈರ್ಯ ಇಲ್ಲದೆ ತಂಗಿದ ಮೋಟೆಲಿನೊಳಗೆ ಹೊತ್ತುಕೊಂಡು ಹೋದೆ. ಕೌಂಟರಿನ ಹುಡುಗಿ ನನ್ನನ್ನೂ ಗಿಡವನ್ನೂ ನೋಡಿ, ಒಂದು ಮಂಚ ಸಾಕಾ ಅಂತ ಕೇಳಿದಳು.

ರೀನೋ ಸ್ಟೇಷನ್ನಿನ ಹೊರಗೆ ನಮ್ಮವರು ಒಂದು ಕೈಚೀಲ ಹಿಡಿದು ನಿಂತಿದ್ದರು. ಓಕ್‌ಲ್ಯಾಂಡ್ ಕಡೆಯಿಂದ ಬೆಳಿಗ್ಗೆ ಹೊರಟ ರೈಲಿನಲ್ಲಿ ಬಂದಿದ್ದರು. ಹೊಸ ಅಂಗಿ, ಅದರ ಇಸ್ತ್ರಿಯ ಗೆರೆಯೂ ಮಾಸಿರಲಿಲ್ಲ. ನೋಡಿದ ಕೂಡಲೇ ಎದೆ ಹಗುರಾಯಿತು, ಇಷ್ಟು ದೂರ ಬಂದದ್ದು ಈ ಮುಖಕ್ಕೇ ಅನ್ನಿಸಿತು. ಅವರೂ ನಗುತ್ತ ಬಂದು ಪಕ್ಕದ ಬಾಗಿಲು ತೆಗೆದರು. ನಗು ಅಲ್ಲೇ ನಿಂತಿತು.

"ಇದು ಎಂತ ಮಾರಾಯ್ತಿ?"

"ಶಾರದಕ್ಕನ ಕರಿಬೇವು ರೀ."

"ನಾನು?"

"ತೊಡಿ ಮ್ಯಾಲೆ ಇಟ್ಕೊಂಡು ಕೂಡ್ರಿ. ಬ್ಯಾರೆ ಕಡೆ ಜಾಗಾ ಇಲ್ಲ."

ಹಿಂದಿನ ಸೀಟನ್ನು ಒಮ್ಮೆ ನೋಡಿದರು. ಕೂತು, ಕುಂಡವನ್ನು ತೊಡೆಯ ಮೇಲೆ ಇಟ್ಟುಕೊಂಡು, ಗಿಡಕ್ಕೂ ತಮಗೂ ಸೇರಿಸಿ ಬೆಲ್ಟು ಹಾಕಿಕೊಂಡರು. ನನಗೆ ನಾಚಿಕೆಯಾಯಿತು, ಆದರೆ ಒಂದು ಅನುಕೂಲವೂ ಆಯಿತು. ಅವರ ಮುಖ ಕಾಣುತ್ತಿರಲಿಲ್ಲ. ಎಲೆಗಳ ಹತ್ತಿರ ಮಾತಾಡಿ ರೂಢಿಯಾಗಿದ್ದ ಬಾಯಿ ತಾನಾಗಿ ತೆರೆಯಿತು. ಬೆಟ್ಟ ಹತ್ತುವಾಗಲೇ "ರೀ, ಅವತ್ತು ನೀವು ನನ್ನ ಕೇಳಲಿಲ್ಲ" ಅಂದುಬಿಟ್ಟೆ. ಎಲೆಗಳ ನಡುವಿನಿಂದ "ಯಾವತ್ತು?" ಅನ್ನುವ ಧ್ವನಿ ಬಂತು. ನಾನು ಉಸಿರು ಎಳೆದುಕೊಂಡೆ. ಅಷ್ಟರಲ್ಲಿ ರಸ್ತೆಯ ಮೇಲೆ ಕಿತ್ತಳೆ ಬಣ್ಣದ ಕೋನುಗಳು, ಮುಂದೆ ಸಾಲಾಗಿ ಗೂಡುಗಳು. ಕ್ಯಾಲಿಫೋರ್ನಿಯಾದ ಒಳಗೆ ಬರುವ ಕಾರುಗಳನ್ನು ನಿಲ್ಲಿಸಿ, ಹಣ್ಣು ಗಿಡ ಏನಾದರೂ ತಂದಿದ್ದೀರಾ ಅಂತ ಕೇಳುವ ತಪಾಸಣೆ ಕೇಂದ್ರ.

ಅಧಿಕಾರಿ ಹೆಂಗಸು ಬಗ್ಗಿ ನೋಡಿದರು. ಗಂಡ ಕಾಣಲಿಲ್ಲ, ಗಿಡ ಕಂಡಿತು. ಅವರು ಕೇಳಬೇಕಾದ ಪ್ರಶ್ನೆಯನ್ನು ನಿಯಮದ ಪ್ರಕಾರ ಕೇಳಿಯೇ ಕೇಳಿದರು. "ಇಲ್ಲ" ಅನ್ನುವಷ್ಟು ನಾಲಿಗೆ ನನಗೂ ಇರಲಿಲ್ಲ. ಕರಿಬೇವು ನಿಂಬೆಯ ಜಾತಿಗೆ ಸೇರಿದ್ದಂತೆ, ಕಿತ್ತಳೆ ತೋಟಗಳಿಗೆ ರೋಗ ಹರಡುವ ಹುಳು ಅದರ ಮೇಲೆ ಕೂತು ಬರುತ್ತದಂತೆ, ಒಳಗೆ ಬಿಡುವಂತಿಲ್ಲವಂತೆ. ವಾದ ಮಾಡಿದೆ, ಬೇಡಿಕೊಂಡೆ. ಆಕೆ ಬಹಳ ಮರ್ಯಾದೆಯಿಂದಲೇ ಗಿಡ ತೆಗೆದುಕೊಂಡು ಹೋದರು. ನಾನು ಅಲ್ಲೇ ಕಾರಿಗೆ ಒರಗಿ ಅತ್ತುಬಿಟ್ಟೆ. ಮತ್ತೊಬ್ಬರು ಬಂದು ಟಿಶ್ಯೂ ಕೊಟ್ಟು, ಬೇರೆ ಗಿಡ ಸಿಗುತ್ತದೆ ಅಂತ ಸಮಾಧಾನ ಮಾಡಿದರು. ಅವರಿಗೇನು ಗೊತ್ತು, ನಾನು ಅಳುತ್ತಿದ್ದದ್ದು ಬರೀ ಗಿಡಕ್ಕಲ್ಲ.

"ನೀವು ಬಯೋಟೆಕ್ ಲ್ಯಾಬಿನ್ಯಾಗ ಇರೋರು. ಇದು ನಿಮಗ ಗೊತ್ತಿರಲಿಲ್ಲೇನ್ರಿ?" ಅಂತ ನಮ್ಮವರ ಮೇಲೆ ಹರಿಹಾಯ್ದೆ.

"ಗೊತ್ತಿತ್ತು. ನೀನು ಅಷ್ಟು ದೂರದಿಂದ ಜೋಪಾನ ಮಾಡಿಕೊಂಡು ತಂದಿದ್ದೀ. ಹೇಗೆ ಹೇಳುವುದು ಅಂತ ಸುಮ್ಮನಿದ್ದೆ."

ಶಾರದಕ್ಕನಿಗೆ ಫೋನು ಮಾಡಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. "ಅಯ್ಯೋ ಹೋಗ್ಲಿ ಬಿಡಮ್ಮ, ನೀನು ಅಳಬೇಡ. ಅದರ ಮರಿ ಇನ್ನೂ ಎರಡಿದೆ. ಮುಂದಿನ ತಿಂಗಳು ಇನ್ಯಾರೋ ಕಾರಲ್ಲಿ ಬರ್ತಾರಂತೆ" ಅಂದರು. ಬೇಡ, ಬಿಡುವುದಿಲ್ಲ ಅಂತ ವಿವರಿಸಿ ಹೇಳಿದೆ. ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

ಮತ್ತೆ ಹೊರಟೆವು. ಈಗ ಪಕ್ಕದ ಸೀಟಿನಲ್ಲಿ ಬರೀ ನಮ್ಮವರು. ಮುಖ, ಕನ್ನಡಕ, ಅಂಗಿಯ ಮೇಲೆ ಮಣ್ಣು, ಎಲ್ಲ ಸ್ಪಷ್ಟ. ನನ್ನ ಬಾಯಿ ಕಟ್ಟಿತು. ಸ್ವಲ್ಪ ದೂರ ಹೋದ ಮೇಲೆ ಅವರೇ ಅಂದರು. "ದಾರಿ ಉದ್ದಕ್ಕೂ ಆ ಗಿಡದ ಹತ್ತಿರ ಮಾತಾಡಿಕೊಂಡು ಬಂದಿದ್ದೀ ಅಲ್ಲವಾ? ಬೆಟ್ಟ ಹತ್ತುವಾಗಲೇ ಗೊತ್ತಾಯಿತು, ನೀನು ಅದನ್ನು ನೋಡಿಕೊಂಡೇ ಮಾತು ಶುರು ಮಾಡಿದ್ದು. ಅದಕ್ಕೆ ಎಂತ ಹೇಳ್ತಿದ್ದೆಯೋ ಅದನ್ನೇ ಹೇಳು. ನಾನೂ ಅಲುಗಾಡದೆ ಕೂತ್ಕೊಳ್ತೇನೆ."

ಕೂತರು ನೋಡಿ, ಕೈ ತೊಡೆಯ ಮೇಲಿಟ್ಟು, ಕಣ್ಣು ರಸ್ತೆಯ ಮೇಲೆ ನೆಟ್ಟು. ನಾನು ಸೋರೆಕಾಯಿಯಿಂದ ಶುರುಮಾಡಿದೆ. ಬೆಟ್ಟ ಇಳಿದು ಸ್ಯಾಕ್ರಮೆಂಟೋದ ಬಯಲಿಗೆ ಬರುವ ತನಕ ಒಂದೇ ಸಮನೆ ಹೇಳಿದೆ, ಬಿಟ್ಟ ಕೆಲಸ, ಒಬ್ಬಳೇ ಉಂಡ ಊಟ, ಮಗಳಿಗೆ ಜ್ವರ ಬಂದ ರಾತ್ರಿ. ಜೋಳದ ರೊಟ್ಟಿಯ ವಿಷಯ ಮಾತ್ರ ಬಿಟ್ಟೆ, ದೊಡ್ಡ ಮನಸ್ಸು ಮಾಡಿ. ಅವರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ. ಕೊನೆಗೆ "ಮುಗೀತು. ಈಗ ನೀವು ಮಾತಾಡ್ರಿ" ಅಂದೆ.

ಕಣ್ಣು ರಸ್ತೆಯ ಮೇಲೇ ಇಟ್ಟು ಅಂದರು. "ಕೇಳಬೇಕು ಅಂತಲೇ ಫೋನು ಮಾಡಿದ್ದು. ನಿನ್ನ ಧ್ವನಿ ಕೇಳಿದ ಮೇಲೆ ಹೆದರಿಕೆ ಆಯಿತು. ಬೇಡ ಅಂದುಬಿಟ್ಟರೆ? ಅದಕ್ಕೆ ಹೂಂ ಅಂದಾಗಿದೆ ಅಂತ ಹೇಳಿಬಿಟ್ಟೆ. ನಿನಗೆ ಹೇಳಿದ ಮೇಲೆಯೇ ಕಂಪೆನಿಯವರಿಗೆ ಹೂಂ ಅಂದದ್ದು. ತಪ್ಪಾಯಿತು ಮಾರಾಯ್ತಿ."

ನಾನು ಕನ್ನಡಿಯಲ್ಲಿ ಹಿಂದೆ ನೋಡಿದೆ. ಹಿಂದಿನ ಗಾಜು ಕಾಣಲಿಲ್ಲ. ಕಂಡದ್ದು ಶಿಕಾಗೋದ ಮಂಟಪ, ಅದರ ಪಕ್ಕ ಡಿಕ್ಕಿಯಿಂದ ಹೊರಬಿದ್ದ ನನ್ನ ಸೀರೆಗಳ ಪೆಟ್ಟಿಗೆ. ಡಿಕ್ಕಿಯಲ್ಲಿ ಕೊಲಂಬಸ್ಸಿನ ಕಲ್ಲು ಗಡಗಡ ಅನ್ನುತ್ತಿತ್ತು. ಅಮೆರಿಕದ ಈ ತುದಿಯಿಂದ ಆ ತುದಿಯವರೆಗೆ ನನ್ನ ಬಾಯಿಂದ "ಬೇಡ" ಬಂದೀತು ಅಂತ ಹೆದರಿದ ಮನುಷ್ಯ ಇವರೊಬ್ಬರೇ.