ಅಲೆವೂರಿನಿಂದ ಹದಿನಾಲ್ಕು ನಿಮಿಷ

ಎಡ್ಮಂಡ್ ಈ ಲೋಕದಲ್ಲಿ ನಂಬುತ್ತಿದ್ದದ್ದು ಇಬ್ಬರನ್ನು: ಒಬ್ಬ ದೇವರು, ಇನ್ನೊಂದು ತನ್ನ ಫೋನಿನ ಸ್ಟಾಪ್‌ವಾಚು. ದೇವರು ಒಮ್ಮೊಮ್ಮೆ ತಡ ಮಾಡುತ್ತಾನೆ ಎಂಬ ಸಣ್ಣ ದೂರು ಅವನಿಗಿತ್ತು. ಸ್ಟಾಪ್‌ವಾಚಿನ ಮೇಲೆ ಯಾವ ದೂರೂ ಇರಲಿಲ್ಲ.

ಮಣಿಪಾಲದ ಒಂದು ಮುದ್ರಣಾಲಯದಲ್ಲಿ ಯಾವ ಪುಸ್ತಕ ಯಾವ ಯಂತ್ರಕ್ಕೆ ಎಷ್ಟು ಗಂಟೆಗೆ ಏರಬೇಕು ಎಂದು ನಿರ್ಧರಿಸುವ ಉದ್ಯೋಗ ಅವನದು. ಹಾಗಾಗಿ ಬನ್ನಂಜೆಯ ಬಾಡಿಗೆ ಮನೆಯ ಮಾಲೀಕರು, "ಮಗ ದುಬೈಯಿಂದ ಸಂಸಾರ ಸಮೇತ ಬರ್ತಾನೆ, ತಿಂಗಳ ಕೊನೆಗೆ ಬಿಟ್ಟುಕೊಡಿ" ಎಂದಾಗ ಅವನ ಹೆಂಡತಿ ಜೆಸ್ಸಿ ತಲೆಯ ಮೇಲೆ ಕೈ ಹೊತ್ತು ಕೂತರೆ, ಎಡ್ಮಂಡ್ ಒಂದು ಬಿಳಿ ಹಾಳೆ ತೆಗೆದು ಅದರ ಮೇಲೆ ಗೆರೆ ಎಳೆಯತೊಡಗಿದ.

"ಜನ ಗಾಳಿ ಬೆಳಕು ನೋಡಿ ಮನೆ ಹಿಡಿಯುತ್ತಾರೆ. ಆಮೇಲೆ ಅರ್ಧ ಆಯುಷ್ಯ ಬಸ್ಸಿನಲ್ಲಿ ಕಳೆಯುತ್ತಾರೆ" ಎಂದ. "ನಾವು ಹಾಗೆ ಮಾಡುವುದಿಲ್ಲ. ಪ್ರತಿ ಊರಿನಿಂದ ಆಫೀಸಿಗೆ ಎಷ್ಟು ನಿಮಿಷ ಅಂತ ಅಳೆಯುವುದು, ಕಡಿಮೆ ಇದ್ದದ್ದನ್ನು ಹಿಡಿಯುವುದು. ಇದು ವಿಜ್ಞಾನ."

"ಯಾರ ಆಫೀಸಿಗೆ?" ಎಂದಳು ಜೆಸ್ಸಿ. ಅವಳು ಕಾಪುವಿನ ಶಾಲೆಯಲ್ಲಿ ಟೀಚರು.

ಎಡ್ಮಂಡ್ ಗೆರೆ ಎಳೆಯುವುದರಲ್ಲಿ ಮಗ್ನನಾಗಿದ್ದ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಇಬ್ಬರೂ ಇನ್ನಂಜೆಯಲ್ಲಿ ಒಂದು ಮನೆ ನೋಡಿದರು. ಮಾಲೀಕರು ಸಿಸಿಲಿಯಾ ಬಾಯಿ ಎಂಬ ವೃದ್ಧೆ. ವಾಸ ಪಕ್ಕದ ಮನೆಯಲ್ಲೇ. ಅಡುಗೆಮನೆಯ ಕಿಟಕಿ ತೆರೆದರೆ ಗದ್ದೆ. ಜೆಸ್ಸಿ ಆ ಕಿಟಕಿಯ ಮುಂದೆ ನಿಂತವಳು ಕರೆದರೂ ಬರಲಿಲ್ಲ. ಎಡ್ಮಂಡ್ ಮಾತ್ರ ಅಲ್ಲಿಂದ ಮಣಿಪಾಲಕ್ಕೆ ಸ್ಕೂಟರ್ ಓಡಿಸಿ ನಲವತ್ತೊಂದು ನಿಮಿಷ ಎಂದು ಬರೆದು, ಇನ್ನಂಜೆಯ ಮೇಲೆ ಅಡ್ಡಗೆರೆ ಹಾಕಿಬಿಟ್ಟ.

ಸೋಮವಾರ ಕಾರ್ಕಳ. ಅಲ್ಲಿಂದ ಬರಲು ಎಷ್ಟು ಹೊತ್ತು ಎಂದು ತಿಳಿಯಬೇಕಾದರೆ ಮೊದಲು ಅಲ್ಲಿಗೆ ಹೋಗಬೇಕಲ್ಲ! ನಸುಕಿಗೆ ಬಸ್ಸು ಹತ್ತಿ ಕಾರ್ಕಳಕ್ಕೆ ಹೋಗಿ, ಖಾಲಿ ಮನೆಯ ಗೇಟು ಮುಟ್ಟಿ, ಮರಳಿ ಮಣಿಪಾಲಕ್ಕೆ ಬರುವಾಗ ಆಫೀಸಿಗೆ ನಲವತ್ತು ನಿಮಿಷ ತಡ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

"ಎಂತ ಎಡ್ಮಂಡ್, ಇವತ್ತು ಲೇಟು?" ಎಂದರು ಮ್ಯಾನೇಜರ್ ಜಿತೇಂದ್ರ.

"ಕಾರ್ಕಳದಿಂದ ಬಂದದ್ದು ಸಾರ್."

"ಕಾರ್ಕಳಕ್ಕೆ ಯಾಕೆ ಹೋದದ್ದು?"

"ಬರ್ಲಿಕ್ಕೆ ಸಾರ್."

ಜಿತೇಂದ್ರ, ಜ್ವರ ಇದೆಯೇ ಎಂದು ಕೇಳಿದರು.

ಮಂಗಳವಾರ ಅಲೆವೂರು. ಗೇಟಿನಿಂದ ಗೇಟಿಗೆ ಹದಿನಾಲ್ಕು ನಿಮಿಷ! ಎಡ್ಮಂಡ್ ಸಂಜೆ ಮನೆಗೆ ಬಂದಾಗ ಅವನ ನಡಿಗೆಯೇ ಬೇರೆಯಾಗಿತ್ತು. ರಾಜ್ಯ ಗೆದ್ದವರು ಹೀಗೆ ಚಪ್ಪಲಿ ಬಿಚ್ಚುತ್ತಾರೆ.

"ಅಲೆವೂರು ಫಿಕ್ಸ್" ಎಂದ. "ಹದಿನಾಲ್ಕು ನಿಮಿಷ."

"ನನಗೆ?" ಎಂದಳು ಜೆಸ್ಸಿ.

"ನಿನಗೆಂತ, ಉಡುಪಿಗೆ ಬಂದು ಒಂದು ಬಸ್ಸು ಹಿಡಿದರೆ ಆಯ್ತು."

"ಅಳೆದಿದ್ದೀರಾ?"

ಅಳೆದಿರಲಿಲ್ಲ. ವಿಜ್ಞಾನಿಗೆ ಇದಕ್ಕಿಂತ ದೊಡ್ಡ ಅವಮಾನವಿಲ್ಲ. "ನಾಳೆಯೇ ಅಳೆಯುತ್ತೇನೆ" ಎಂದು ಅವನು ಎದ್ದು ನಿಂತ.

"ಹಾಗಾದ್ರೆ ಸರಿಯಾಗಿ ಅಳೆಯಿರಿ. ಸ್ಕೂಟರಿನಲ್ಲಿ ಅಲ್ಲ, ಬಸ್ಸಿನಲ್ಲಿ. ನಾನು ದಿನಾ ಹೊರುವ ಬ್ಯಾಗ್ ಹೊತ್ತುಕೊಂಡು. ಕೈಬೀಸಿಕೊಂಡು ಹೋದರೆ ಅದನ್ನು ವಾಕಿಂಗ್ ಅಂತ ಹೇಳುವುದು." ಅವಳು ಬ್ಯಾಗನ್ನು ಅವನ ಮುಂದಿಟ್ಟಳು. "ಎಂಟನೇ ಕ್ಲಾಸಿನ ನಲವತ್ತೆರಡು ಪೇಪರ್ ಉಂಟು. ಅರ್ಧ ನೋಡಿ ಆಗಿದೆ. ನಾಡಿದ್ದು ತಂದೆತಾಯಿಯರ ಮೀಟಿಂಗ್. ಎಂಟೂ ಮುಕ್ಕಾಲಿಗೆ ಶಾಲೆಯ ಗೇಟಿನಲ್ಲಿ ನನಗೆ ಕೊಡಿ."

ಬುಧವಾರ ಬೆಳಿಗ್ಗೆ ಆರೂವರೆಗೆ ಎಡ್ಮಂಡ್ ಮನೆ ಬಿಟ್ಟ. ಅಲೆವೂರಿಗೆ ಹೋಗಿ, ಸ್ಕೂಟರ್ ಅಲ್ಲಿಯೇ ನಿಲ್ಲಿಸಿ, ಏಳು ಗಂಟೆ ಐದಕ್ಕೆ ಸ್ಟಾಪ್‌ವಾಚ್ ಒತ್ತಿ ಬಸ್ಸು ಹತ್ತಿದ. ಬ್ಯಾಗು ಅಕ್ಕಿಮೂಟೆಯಂತೆ ಹೆಗಲನ್ನು ಎಳೆಯುತ್ತಿತ್ತು. ಉಡುಪಿಯಲ್ಲಿ ಇಳಿದು ಮಂಗಳೂರಿನ ಬಸ್ಸಿಗೆ ನುಗ್ಗಿದಾಗ ನಿಲ್ಲಲೂ ಜಾಗವಿರಲಿಲ್ಲ. ಕಂಡಕ್ಟರ್ ಕನಿಕರಪಟ್ಟು ಬ್ಯಾಗನ್ನು ಇಸಿದುಕೊಂಡು ಡ್ರೈವರ್ ಪಕ್ಕದಲ್ಲಿಟ್ಟ. ಬಸ್ಸು ಬನ್ನಂಜೆ ದಾಟುವಾಗ, ತಾನು ಒಂದು ಗಂಟೆ ಹಿಂದೆ ಬಿಟ್ಟು ಬಂದ ಮನೆಯ ತಾರಸಿಯಲ್ಲಿ ಜೆಸ್ಸಿ ಆರಾಮವಾಗಿ ಬಟ್ಟೆ ಒಣಹಾಕುತ್ತಿರುವುದು ಅವನಿಗೆ ಕಾಣಿಸಿತು.

ಕಾಪು ಬಂತು. ಕಾಲು ನೆಲಕ್ಕೆ ತಾಗಿದ ಕ್ಷಣವೇ ಸ್ಟಾಪ್‌ವಾಚ್ ನಿಲ್ಲಿಸಬೇಕೆಂದು ಎಡ್ಮಂಡ್ ಹೆಬ್ಬೆರಳನ್ನು ಸಿದ್ಧವಾಗಿಟ್ಟುಕೊಂಡು ಜಿಗಿದ. ತಾಗಿತು, ಒತ್ತಿದ. ಬಸ್ಸು ಹೋಯಿತು.

ಶಾಲೆಯ ಗೇಟಿನಲ್ಲಿ ಅರ್ಧ ಗಂಟೆ ಕಾದ. ಮೈ ಹಗುರವಾಗಿದೆ, ಮನಸ್ಸು ಉಲ್ಲಾಸವಾಗಿದೆ, ಕಡಲಗಾಳಿಯ ಮಹಿಮೆ ಇರಬೇಕು ಎಂದುಕೊಂಡ. ಜೆಸ್ಸಿ ಎಂದಿನ ಬಸ್ಸಿನಲ್ಲಿ ಬಂದಿಳಿದಾಗ ಫೋನನ್ನು ಅವಳ ಮುಖಕ್ಕೆ ಹಿಡಿದ. "ಒಂದು ಗಂಟೆ ಆರು ನಿಮಿಷ ನಲವತ್ತು ಸೆಕೆಂಡ್. ಒಂದು ಸೆಕೆಂಡೂ ಆಚೀಚೆ ಇಲ್ಲ."

"ಬ್ಯಾಗ್ ಎಲ್ಲಿ?" ಎಂದಳು ಜೆಸ್ಸಿ.

ಎಡ್ಮಂಡ್ ಮೊದಲು ಎಡ ಹೆಗಲು ನೋಡಿಕೊಂಡ. ಆಮೇಲೆ ಬಲ ಹೆಗಲು. ಕಡಲಗಾಳಿಯ ಮಹಿಮೆ ಏನೆಂಬುದು ಆಗ ತಿಳಿಯಿತು.

ಜೆಸ್ಸಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಬೆಲ್ ಆಯ್ತು" ಎಂದಳು. "ಬ್ಯಾಗ್ ಇಲ್ಲದೆ ಮನೆಗೆ ಬರಬೇಡಿ." ಅಷ್ಟು ಹೇಳಿ ಒಳಗೆ ಹೋದಳು.

ಕಾಪುವಿನ ಸ್ಟಾಪಿನಲ್ಲಿ ಬಸ್ಸುಗಳನ್ನು ಕೂಗಿ ಕಳಿಸುವ ಏಜೆಂಟ್ ಲೀಲಾಧರನ ಬಳಿಗೆ ಎಡ್ಮಂಡ್ ಓಡಿದ.

"ಬಸ್ಸಿನ ಹೆಸರೆಂತ?" ಎಂದ ಲೀಲಾಧರ.

"ಎಂಟು ಗಂಟೆ ಹನ್ನೊಂದು ನಿಮಿಷ ನಲವತ್ತು ಸೆಕೆಂಡಿಗೆ ಇಲ್ಲಿ ನಿಂತಿತ್ತು."

"ಹೆಸರು ಸಾರ್, ಹೆಸರು."

"ನೋಡಲಿಲ್ಲ."

"ಬಣ್ಣ? ನೀಲಿಯಾ, ಕೆಂಪಾ?"

ಎಡ್ಮಂಡ್ ಕಣ್ಣು ಮುಚ್ಚಿ ಜ್ಞಾಪಿಸಿಕೊಂಡ. "ಬಾಗಿಲು ಎಡಗಡೆಗೆ ಇತ್ತು."

"ಎಲ್ಲಾ ಬಸ್ಸಿಗೂ ಅಲ್ಲಿಯೇ ಇರುವುದು ಮಾರಾಯ್ರೆ" ಎಂದ ಲೀಲಾಧರ. ಆದರೂ ಒಳ್ಳೆಯ ಮನುಷ್ಯ. ಒಬ್ಬೊಬ್ಬ ಕಂಡಕ್ಟರಿಗೆ ಫೋನು ಹಚ್ಚತೊಡಗಿದ.

ಆ ಹೊತ್ತಿಗೆ ಎಡ್ಮಂಡನ ಫೋನೂ ಹೊಡೆದುಕೊಂಡಿತು. ಜಿತೇಂದ್ರ. "ಎಲ್ಲಿದ್ದೀರಿ? ಇಲ್ಲಿ ಎರಡು ಮೆಶಿನ್ ಸುಮ್ಮನೆ ನಿಂತಿವೆ."

"ಕಾಪುವಿನಲ್ಲಿ ಸಾರ್. ಆಫೀಸಿಗೆ ಬೇಗ ಮುಟ್ಟುವುದು ಹೇಗೆ ಅಂತ ನೋಡ್ಲಿಕ್ಕೆ ಬಂದದ್ದು."

"ಮೊನ್ನೆ ಕಾರ್ಕಳ, ಇವತ್ತು ಕಾಪು. ಮಣಿಪಾಲ ಯಾವಾಗ?"

ಉತ್ತರ ಕೊಡುವಷ್ಟರಲ್ಲಿ, ಬೆಳಿಗ್ಗೆಯಿಂದ ಸೆಕೆಂಡು ಎಣಿಸಿ ದಣಿದಿದ್ದ ಫೋನು ಪ್ರಾಣ ಬಿಟ್ಟಿತು.

ಮೂರು ಮಂದಿ ಕಂಡಕ್ಟರುಗಳು ಬ್ಯಾಗ್ ಕಂಡಿಲ್ಲವೆಂದರು. ನಾಲ್ಕನೆಯವನು ಫೋನೇ ಎತ್ತಲಿಲ್ಲ. ಎಡ್ಮಂಡ್ ಬಿಸಿಲಿನಲ್ಲಿ ನಿಂತು ಮಂಗಳೂರಿನಿಂದ ಬರುವ ಒಂದೊಂದು ಬಸ್ಸನ್ನೂ ಹತ್ತಿ ಡ್ರೈವರ್ ಪಕ್ಕ ಇಣುಕಿ ಇಳಿದ. ಇಪ್ಪತ್ತಮೂರು ಬಸ್ಸು. ಎಂಟನೇ ಕ್ಲಾಸಿನ ಅಷ್ಟೂ ಮಕ್ಕಳ ಅಮ್ಮಂದಿರು ಸಾಲಾಗಿ ನಿಂತು ಜೆಸ್ಸಿಯನ್ನು ಪ್ರಶ್ನಿಸುವ ದೃಶ್ಯ ಅವನ ಕಣ್ಣಿಗೆ ಕಟ್ಟಿತು. ಅವಳು ದಿನಾ ಈ ಭಾರ ಹೊತ್ತು, ನಿಂತು, ಹೋಗಿ ಬರುತ್ತಾಳೆ. ಹನ್ನೊಂದು ವರ್ಷದಲ್ಲಿ ಒಂದು ದಿನವೂ ತಾನು ಆ ಬ್ಯಾಗನ್ನು ಎತ್ತಿ ನೋಡಿರಲಿಲ್ಲ.

ಮೂರೂವರೆಗೆ ಲೀಲಾಧರ ಕೈಬೀಸಿ ಕರೆದ. "ಸಿಕ್ಕಿತು. ಕಂಡಕ್ಟರ್ ಸುಕೇಶನ ಬಸ್ಸಿನಲ್ಲಿತ್ತಂತೆ. ಡ್ಯೂಟಿ ಮುಗಿಸಿ ಮನೆಗೆ ತಕೊಂಡು ಹೋಗಿದ್ದಾನೆ, ಬಸ್ಸಲ್ಲಿಟ್ಟರೆ ಯಾರಾದ್ರೂ ಎತ್ತಿಕೊಂಡು ಹೋದಾರು ಅಂತ. ಪೇಪರಿನಲ್ಲಿ ಜೆಸ್ಸಿ ಟೀಚರ್ ಅಂತ ಹೆಸರು ನೋಡಿ ಪಕ್ಕದ ಮನೆ ಸಿಸಿಲಿಯಾ ಬಾಯಿಯ ಹತ್ರ ಕೊಟ್ಟಿದ್ದಾನೆ. ಅವರಿಗೆ ಆ ಟೀಚರ ಗುರ್ತ ಉಂಟಂತೆ."

"ಯಾವ ಊರು?"

"ಇನ್ನಂಜೆ."

ಆಟೋ ಹಿಡಿದು ಎಡ್ಮಂಡ್ ಇನ್ನಂಜೆ ಸೇರಿದ. ಸಿಸಿಲಿಯಾ ಬಾಯಿಯ ಜಗಲಿಯಲ್ಲಿ ಜೆಸ್ಸಿ ಅದಾಗಲೇ ಕೂತಿದ್ದಳು. ಪಕ್ಕದಲ್ಲಿ ಬ್ಯಾಗು, ತೊಡೆಯ ಮೇಲೆ ಪೇಪರುಗಳು, ಕೈಯಲ್ಲಿ ಕೆಂಪು ಪೆನ್ನು, ಪಕ್ಕದಲ್ಲಿ ಚಹಾ.

"ಬಾಯಿ ಶಾಲೆಗೆ ಫೋನ್ ಮಾಡಿದರು. ನಿಮಗೆ ಮಾಡಿದರೆ ಸ್ವಿಚ್ ಆಫ್" ಎಂದಳು. "ನಲವತ್ತೆರಡೂ ಉಂಟು."

"ಶಾಲೆಯಿಂದ ಇಲ್ಲಿಗೆ ಎಷ್ಟು ಹೊತ್ತಾಯ್ತು?" ಅಭ್ಯಾಸಬಲದಿಂದ ಅವನ ಬಾಯಿಂದ ಹೊರಬಿತ್ತು.

"ನಾನು ಅಳೆಯಲಿಲ್ಲ. ಚಹಾ ಮಾತ್ರ ಇನ್ನೂ ಬಿಸಿ ಉಂಟು."

ಎಡ್ಮಂಡ್ ಮೆಟ್ಟಿಲ ಮೇಲೆ ಕುಸಿದು ಕೂತ. ಎದುರಿಗೆ ಗದ್ದೆಯ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ತಗ್ಗಿದ ದನಿಯಲ್ಲಿ, "ಈ ಮನೆಯನ್ನೇ ಹಿಡಿಯುವ ಅಲ್ವಾ?" ಎಂದ.

"ಹಿಡಿದಾಯ್ತು" ಎಂದಳು ಜೆಸ್ಸಿ.

ಸಿಸಿಲಿಯಾ ಬಾಯಿ ಅವನಿಗೂ ಒಂದು ಲೋಟ ಚಹಾ ತಂದುಕೊಟ್ಟು, ಅಕ್ಕರೆಯಿಂದ ವಿಚಾರಿಸಿದರು. "ಟೀಚರಿಗೆ ಇದು ಹತ್ತಿರವೇ. ನಿಮಗೆ ಮಾತ್ರ ದೂರ ಆಗ್ಬಹುದು ಅಲ್ವಾ? ಮಣಿಪಾಲಕ್ಕೆ ಮುಟ್ಲಿಕ್ಕೆ ಎಷ್ಟು ಹೊತ್ತು ಬೇಕು?"

ಎಡ್ಮಂಡ್ ಬಾಯಿ ತೆರೆಯುವ ಮೊದಲೇ, ಪೇಪರಿನಿಂದ ತಲೆಯೆತ್ತದೆ ಜೆಸ್ಸಿ ಹೇಳಿದಳು:

"ಇನ್ನೂ ಗೊತ್ತಾಗಲಿಲ್ಲ ಬಾಯಿ. ಬೆಳಿಗ್ಗೆ ಆರೂವರೆಗೆ ಹೊರಟಿದ್ದಾರೆ."