ಬಾಗಿಲ ಬಣ್ಣಕ್ಕೊಂದು ಲ್ಯಾಪ್‌ಟಾಪ್

ಏನಾದರೂ ಕೊಳ್ಳಬೇಕೆಂದು ನಾಲ್ಕು ಜನರೆದುರು ಬಾಯಿಬಿಟ್ಟರೆ, ಕೊಳ್ಳುವ ಆಸೆಯೇ ಹಾರಿಹೋಗುವಷ್ಟು ಸಲಹೆ ಸಿಗುತ್ತದೆ. ಫೋಟೋ ತೆಗೆಯುವ ಹುಚ್ಚು ನನಗೆ ಹತ್ತಿದ್ದು ತಡವಾಗಿ. ಬಾದಾಮಿಯ ಬಂಡೆಗಳನ್ನು ಸಂಜೆ ಬಿಸಿಲಿನಲ್ಲಿ ಹಿಡಿದು ತಂದು ಮನೆಯ ಲ್ಯಾಪ್‌ಟಾಪಿನಲ್ಲಿ ತೆರೆದರೆ, ಅದು ಕೆಸರು ಕಂಡ ಎಮ್ಮೆಯಂತೆ ಕೂತುಬಿಡುತ್ತಿತ್ತು. ನಾನು ಚಹಾ ಕುಡಿದು ಸ್ನಾನ ಮುಗಿಸಿ ಬಂದರೂ ಬಂಡೆ ಅರ್ಧವೇ ಮೂಡಿರುತ್ತಿತ್ತು. ಹೊಸದು ತರುತ್ತೇನೆಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಅಂದೆ. ಗಣಿತದ ಮಾಸ್ತರರು ರ‍್ಯಾಮ್ ಜಾಸ್ತಿ ಇರಲಿ ಎಂದರು. ವಿಜ್ಞಾನದವರು ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ದಂಡ ಎಂದರು. ಪಿ.ಟಿ. ಮಾಸ್ತರರು ತೂಕ ನೋಡಿ ತೊಗೊಳ್ಳಿ ಎಂದರು. ಕನ್ನಡ ಕಲಿಸುವ ನಾನು ಎಲ್ಲದಕ್ಕೂ ತಲೆಯಾಡಿಸಿದೆ.

ನವನಗರದ ಅಂಗಡಿಯವನು ಮಾತ್ರ ನನಗೆ ತಿಳಿಯುವಂತೆ ಹೇಳಿದ. ಫೋಟೋ ಕೆಲಸಕ್ಕೆ ಪರದೆಯಲ್ಲಿ ಬಣ್ಣ ಇದ್ದ ಹಾಗೆ ಕಾಣಬೇಕು, ನಿಮಗೆ ಚೆನ್ನಾಗಿ ಗೊತ್ತಿರುವ ಬಣ್ಣದ ಫೋಟೋ ಒಂದು ತಂದು ಎಲ್ಲದರಲ್ಲೂ ಹಾಕಿ ನೋಡಿ ಎಂದ. ನನಗೆ ಚೆನ್ನಾಗಿ ಗೊತ್ತಿರುವ ಬಣ್ಣವೆಂದರೆ ಹಳೆ ಬಾಗಲಕೋಟೆಯ ನಮ್ಮ ಮನೆಯ ಬಾಗಿಲಿನದು. ಆ ಮನೆ ಅಣೆಕಟ್ಟಿನ ಹಿನ್ನೀರಿಗೆ ಹೋಯಿತು. ಬಿಟ್ಟು ಬಂದ ದಿನ ಅಪ್ಪ ಬಾಗಿಲಿಗೆ ಕೀಲಿ ಹಾಕಿ, ಅದರ ಮುಂದೆ ನಮ್ಮನ್ನೆಲ್ಲ ನಿಲ್ಲಿಸಿ ತೆಗೆಸಿದ ಫೋಟೋ ಒಂದು ಉಳಿದಿದೆ. ಮಾಸಿದ ಫೋಟೋದಿಂದ ಹೊಸ ಪರದೆಯನ್ನು ಪರೀಕ್ಷಿಸುವ ಬುದ್ಧಿವಂತಿಕೆ ನನ್ನದೇ. ಅದನ್ನು ಸ್ಕ್ಯಾನ್ ಮಾಡಿಸಿ ಪೆನ್‌ಡ್ರೈವಿಗೆ ಹಾಕಿಸಿಕೊಂಡು ಹೊರಟೆ. ಶಿರೂರಿನಿಂದ ಬಂದಿದ್ದ ಅಕ್ಕನೂ ಜೊತೆಗೆ ಬಂದಳು.

ಮೊದಲ ಲ್ಯಾಪ್‌ಟಾಪಿನಲ್ಲಿ ಬಾಗಿಲು ಹಸಿರಾಗಿ ಕಂಡಿತು. ಇದೇ ಸರಿ ಎಂದೆ. ಅಕ್ಕ ಪಕ್ಕದ್ದನ್ನು ತೋರಿಸಿದಳು. ಅದರಲ್ಲಿ ಬಾಗಿಲು ನೀಲಿ.

"ನಮ್ಮ ಬಾಗಲಾ ನೀಲಿನ ಇತ್ತೋ. ಅಪ್ಪನ ಜೋಡಿ ನಾನ ಬಣ್ಣಾ ಹಚ್ಚೇನಿ" ಎಂದಳು.

ನಾನು ಬಿಡಲಿಲ್ಲ. ಸಾಲಿ ಬಿಟ್ಟು ಬರುವಾಗ ಓಣಿಯ ತಿರುವಿನಿಂದಲೇ ಆ ಹಸಿರು ಕಾಣುತ್ತಿತ್ತು, ಕಂಡೊಡನೆ ಹಸಿವಾಗುತ್ತಿತ್ತು ಎಂದು ವಾದಿಸಿದೆ. ಇಬ್ಬರ ದನಿಯೂ ಏರಿತು. ಅಂಗಡಿಯವನು ಚಹಾ ತರಿಸಿ, ತಾನೂ ಒಂದು ಕಪ್ ಹಿಡಿದು ನಮ್ಮ ಪಕ್ಕದಲ್ಲೇ ನಿಂತ. ಕೊನೆಗೆ ಮನೆಯಲ್ಲಿದ್ದ ಅವ್ವನಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದೆ.

ಅವ್ವ ನಮ್ಮಿಬ್ಬರ ವಾದ ಕೇಳಿದಳು. "ಅದರ ಬಣ್ಣಾ ಯಾರಿಗೆ ನೆನಪೈತಿ? ಹಗಲೆಲ್ಲಾ ತೆರದ ಇರ್ತಿತ್ತಲ್ಲ ಆ ಬಾಗಲಾ. ಮುಚ್ಚಿದ್ದನ್ನ ನಾ ನಿಂತು ನೋಡಿದ್ದು ಬಿಟ್ಟು ಬಂದ ದಿನಾನ. ಅವತ್ತ ಬಣ್ಣಾ ಯಾರ ನೋಡ್ತಾರ?" ಎಂದಳು.

ಫೋನ್ ಇಟ್ಟ ಮೇಲೆ ನನಗೂ ನೆನಪಾಯಿತು. ಓಣಿಯ ತಿರುವಿನಿಂದ ನನಗೆ ಕಾಣುತ್ತಿದ್ದುದು ಬಾಗಿಲಲ್ಲ, ಅದರೊಳಗಿನ ಪಡಸಾಲೆ. ಅಲ್ಲಿ ಕೂತು ಅಕ್ಕಿ ಆರಿಸುತ್ತಿದ್ದ ಅವ್ವ.

ಅಕ್ಕ ತೋರಿಸಿದ್ದನ್ನೇ ಕೊಂಡೆ. ಅವಳೆದುರು ನಾನು ಗೆದ್ದದ್ದೇ ಇಲ್ಲ. ಲ್ಯಾಪ್‌ಟಾಪ್ ಭಾಳ ಚುರುಕಾಗಿದೆ. ಯಾವ ಬಣ್ಣವನ್ನಾದರೂ ಕಣ್ಣು ಮಿಟುಕಿಸುವುದರೊಳಗೆ ಬದಲಿಸುತ್ತದೆ. ನಾನೊಬ್ಬನೇ ಇದ್ದಾಗ ನಮ್ಮ ಬಾಗಿಲು ಹಸಿರು. ಬರುತ್ತೇನೆಂದು ಅಕ್ಕ ಫೋನ್ ಮಾಡಿದರೆ, ಅವಳು ಬಸ್ ಹತ್ತುವುದರೊಳಗೆ ನೀಲಿ. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಪಾಠ ಮಾಡುವ ಮಾಸ್ತರನ ಕೈಗೆ ಇಂಥ ಯಂತ್ರ ಕೊಡಬಾರದಿತ್ತು.