ಬಾಗಿಲು ಹಾಕಿ ಬರೆದ ಪರೀಕ್ಷೆ

ಕಂಪ್ಯೂಟರ್ ಕೆಲಸದವರ ಬದುಕಿನಲ್ಲಿ ನಗುವಂಥದ್ದು ಏನೂ ನಡೆಯಲ್ಲ ಅಂತ ಜನ ಅಂದ್ಕೊಂಡಿದ್ದಾರೆ. ನಮ್ಮ ಆಫೀಸಿಗೆ ಬಂದು ನೋಡಬೇಕು. ಇಲ್ಲಿ ವಾರಕ್ಕೊಂದು ನಡೆಯುತ್ತೆ. ನಡೆಯುವಾಗ ಮಾತ್ರ ಯಾರಿಗೂ ನಗು ಬರಲ್ಲ, ಹೊಟ್ಟೆ ಉರಿಯುತ್ತೆ. ನಗು ಬರೋ ಹೊತ್ತಿಗೆ ಯಾರದ್ದೋ ಕೆಲಸ ಹೋಗಿರುತ್ತೆ.

ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಹಿಂದೆ, ಮಹಡಿ ಮೇಲೆ ನಮ್ಮ ಆಫೀಸು. ಸುತ್ತಮುತ್ತಲ ನರ್ಸಿಂಗ್ ಹೋಂಗಳ ರೋಗಿಗಳ ದಾಖಲೆಯನ್ನು ಕ್ಲೌಡಿನಲ್ಲಿ ಇಟ್ಟು ಕಾಯೋದು ನಮ್ಮ ಕೆಲಸ. ಕ್ಲೌಡ್ ಅಂದರೆ ಮೋಡ ಗೀಡ ಏನಲ್ಲ. ಕಾಗದಪತ್ರವೆಲ್ಲ ದೂರದ ಯಾವುದೋ ಊರಿನ ದೊಡ್ಡ ಕಂಪ್ಯೂಟರಿನಲ್ಲಿ ಇರುತ್ತೆ, ಬೇಕಾದಾಗ ಇಲ್ಲಿಂದ ತೆಗೆದು ನೋಡ್ತೀವಿ. ಕಂಡೋರು ಅದನ್ನ ತೆಗೆಯಬಾರದು, ಅಷ್ಟೇ.

ಹೋದ ವರ್ಷ ಮೇಲಿಂದ ಒಂದು ಆರ್ಡರ್ ಬಂತು. ಕ್ಲೌಡ್ ಮುಟ್ಟೋರೆಲ್ಲ ಆರು ತಿಂಗಳೊಳಗೆ ಸೆಕ್ಯುರಿಟಿ ತರಬೇತಿ ಮುಗಿಸಿ, ಪರೀಕ್ಷೆ ಬರೆದು, ಸರ್ಟಿಫಿಕೇಟ್ ತರಬೇಕು. ಮೂರು ಅವಕಾಶ. ಮೂರರಲ್ಲೂ ಆಗದಿದ್ದರೆ ಕೆಲಸ ಇಲ್ಲ. ನನಗೆ ನಲವತ್ನಾಲ್ಕು. ಹೆಂಡತಿ ತೀರಿಕೊಂಡು ಮೂರು ವರ್ಷ. ಮನೇಲಿ ನಾನು, ಅವ್ವ, ಇಬ್ಬರೇ. ಈ ಕೆಲಸ ಹೋದರೆ ಈ ವಯಸ್ಸಿನಲ್ಲಿ ಇನ್ನೊಂದು ಯಾರು ಕೊಡ್ತಾರೆ?

ಊಟ ಮೊದಲು, ವಿಚಾರಣೆ ಆಮೇಲೆ

ಪಾಠ ಹೇಳೋ ಮೇಡಂ ಬೆಂಗಳೂರಿನಿಂದ ಪರದೆ ಮೇಲೆ ಬರ್ತಿದ್ದರು. ಮೊದಲ ದಿನವೇ ಅಂದರು, "ಯಾರನ್ನೂ ನಂಬಬೇಡಿ. ಎಷ್ಟೇ ಹತ್ತಿರದವರಾಗಲಿ, ತಾವು ಯಾರು ಅಂತ ಸಾಬೀತು ಮಾಡೋ ತನಕ ಒಳಗೆ ಬಿಡಬೇಡಿ."

ನನ್ನ ಪಕ್ಕದಲ್ಲಿ ಕೂತಿದ್ದವನು ನಮ್ಮ ಆಫೀಸಿನ ಭಾಯ್. ಚಳ್ಳಕೆರೆಯವನೇ. ಅಣ್ಣಂದಿರೆಲ್ಲ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡಿದರೆ ಇವನು ನೆಟ್‌ವರ್ಕ್ ರಿಪೇರಿ ಮಾಡ್ತಾನೆ. "ಸ್ವಂತ ಭಾವಮೈದುನನನ್ನೂ ನಂಬಬಾರದಾ ಮೇಡಂ?" ಅಂದ.

"ಅವರನ್ನ ಮೊದಲು ನಂಬಬಾರದು," ಅಂದರು ಮೇಡಂ. ಭಾಯ್‌ಗೆ ಪಾಠ ಬಹಳ ಹಿಡಿಸಿತು.

ಆಮೇಲೆ ಮೇಡಂ, ನಿಮ್ಮ ಮನೆಯಲ್ಲಿ ಅಪರಿಚಿತರನ್ನ ಹೇಗೆ ವಿಚಾರಿಸ್ತೀರಿ, ಉದಾಹರಣೆ ಕೊಡಿ ಅಂದರು. ನಾನು ಎದೆ ಉಬ್ಬಿಸಿ ಎದ್ದು ನಿಂತೆ. ನಮ್ಮೂರು ಕುದಾಪುರದ ಮಗ್ಗುಲಿಗೆ. ಕುರಿ ಕಾಯೋ ಜನ ನಾವು. ಯಾರಾದರೂ ಮನೆಗೆ ಬಂದರೆ ಅವ್ವ ಸುಮ್ಮನೆ ಬಿಡೋಳಲ್ಲ. ಯಾವೂರು, ಯಾರ ಮಗ, ತಾಯಿ ತವರು ಯಾವುದು, ಅಲ್ಲಿ ಯಾರ ಮನೆ ಪಕ್ಕ, ಎಲ್ಲ ಕೇಳ್ತಾಳೆ. ಒಂದು ಉತ್ತರ ಆಚೀಚೆ ಆದರೆ ಪೊರಕೆ ತಗೋತಾಳೆ.

ಮೇಡಂಗೆ ಖುಷಿಯೋ ಖುಷಿ. "ನೋಡಿ, ನಾಲ್ಕು ಹಂತದ ತಪಾಸಣೆ! ಇದಕ್ಕೆಲ್ಲ ಎಷ್ಟು ಹೊತ್ತು ಹಿಡಿಯುತ್ತೆ?"

"ಊಟ ಮುಗಿಯೋಷ್ಟು ಹೊತ್ತು ಮೇಡಂ."

"ಯಾರ ಊಟ?"

"ಬಂದೋರದು."

ಮೇಡಂ ಕನ್ನಡಕ ತೆಗೆದರು. "ಅಂದರೆ, ಅವರು ಯಾರು ಅಂತ ಗೊತ್ತಾಗೋ ಮೊದಲೇ ಒಳಗೆ ಕರೆದು ಊಟಕ್ಕೆ ಹಾಕಿರ್ತೀರಾ?"

"ಹಸಿದು ಬಂದೋರನ್ನ ಹೊಸಲಾಚೆ ನಿಲ್ಲಿಸಿ ಕೇಳೋಕಾಗುತ್ತಾ ಮೇಡಂ?"

ಆ ದಿನದ ಕೊನೆಗೆ ಮೇಡಂ ಎಲ್ಲರಿಗೂ ಒಂದು ಚಿತ್ರ ತೋರಿಸಿದರು, ದಾಖಲೆ ಕಳ್ಳತನ ಹೇಗಾಗುತ್ತೆ ಅಂತ. ಕಳ್ಳ ಕೂತಿದ್ದ ಜಾಗದಲ್ಲಿ ಒಂದು ಊಟದ ತಟ್ಟೆಯನ್ನೂ ಬಿಡಿಸಿದ್ದರು.

ಉಡಿದಾರದ ಕೀಲಿ

ನಮ್ಮ ಮ್ಯಾನೇಜರ್ರು ರಾಂಪುರದವರು. ಎಲ್ಲಕ್ಕಿಂತ ದೊಡ್ಡ ಬೀಗದ ಕೀಲಿ ಅವರ ಕೈಲಿ. ಅದು ಪೆನ್‌ಡ್ರೈವ್‌ನಂಥ ಒಂದು ಸಣ್ಣ ವಸ್ತು. ಕಂಪ್ಯೂಟರಿಗೆ ಚುಚ್ಚಿ, ಅದರ ಮೇಲೆ ಅವರು ತಮ್ಮ ಬೆರಳಿಟ್ಟರೇನೇ ಕ್ಲೌಡ್ ತೆರೆಯೋದು. ಯಾವತ್ತೂ ಮೈಮೇಲೇ ಇರಬೇಕು ಅಂತ ತರಬೇತಿಯಲ್ಲಿ ಹೇಳಿದ್ದರು. ನಮ್ಮ ಮ್ಯಾನೇಜರ್ರು ಹೇಳಿದ್ದನ್ನ ಮೀರೋರಲ್ಲ. ಮನೆಯ ಬೀರು ಕೀಲಿ ಜೊತೆ ಅದನ್ನೂ ಉಡಿದಾರಕ್ಕೆ ಬಿಗಿದು ಗಂಟು ಹಾಕಿಕೊಂಡರು. ಆಫೀಸಲ್ಲಿ ದಿನಾ ಬೆಳಿಗ್ಗೆ ಅಂಗಿ ಎತ್ತಿ, ಸೊಂಟವನ್ನ ಕಂಪ್ಯೂಟರಿಗೆ ಆನಿಸಿ ನಿಂತಿರ್ತಿದ್ದರು. ನೋಡಿದೋರು ಬೆನ್ನುನೋವಿಗೆ ಶಾಖ ಕೊಡ್ತಾವ್ರೆ ಅಂದ್ಕೋಬೇಕು.

ಒಂದು ದಿನ ಅವರ ದೊಡ್ಡಪ್ಪ ತೀರಿಕೊಂಡರು. ಮ್ಯಾನೇಜರ್ರು ರಾಂಪುರಕ್ಕೆ ಹೋದರು. ಅದೇ ದಿನ ಮೊಳಕಾಲ್ಮೂರಿನ ಒಂದು ನರ್ಸಿಂಗ್ ಹೋಂನವರಿಗೆ ದಾಖಲೆ ತೆರೀತಾ ಇಲ್ಲ. ಆಪರೇಷನ್‌ಗೆ ರೋಗಿ ಮಲಗಿದ್ದಾನೆ, ಅವನಿಗೆ ಯಾವ ಔಷಧಿ ಆಗಲ್ಲ ಅನ್ನೋದು ಆ ದಾಖಲೆಯಲ್ಲಿದೆ. ಫೋನಿನ ಮೇಲೆ ಫೋನು. ನಾನು ಲ್ಯಾಪ್‌ಟಾಪ್ ಹೆಗಲಿಗೆ ಹಾಕ್ಕೊಂಡು ಬೈಕ್ ಹತ್ತಿದೆ.

ಅಂಗಳದಲ್ಲಿ ಹೆಣ ಮಲಗಿಸಿದ್ದರು. ಸುತ್ತ ಜನ. ಮ್ಯಾನೇಜರ್ರು ಕಾಲ ಹತ್ತಿರ ಕೂತು ಬಿಕ್ಕಿ ಬಿಕ್ಕಿ ಅಳ್ತಿದ್ದರು. ನಾನು ಪಕ್ಕಕ್ಕೆ ಹೋಗಿ ಕುಕ್ಕರಗಾಲಲ್ಲಿ ಕೂತು, "ಸಾರ್, ಸೊಂಟ," ಅಂದೆ.

ಪುಣ್ಯಾತ್ಮ, ಕೆಲಸ ಬಿಟ್ಟುಕೊಡೋರಲ್ಲ. ಅಳ್ತಾನೇ ಅಂಗಿ ಎತ್ತಿದರು. ಗಂಟು ಬಿಚ್ಚಲಿಲ್ಲ. ನಾನು ಲ್ಯಾಪ್‌ಟಾಪನ್ನೇ ಅವರ ಹೊಟ್ಟೆಗೆ ಒತ್ತಿ ಹಿಡಿದೆ. ಅವರು ಬೆರಳಿಟ್ಟರು. ಬೆರಳೆಲ್ಲ ಕಣ್ಣೀರು, ಕುಂಕುಮ. ಯಂತ್ರ ಗುರುತು ಹಿಡೀತಿಲ್ಲ. ಪಂಚೆಗೆ ಒರೆಸಿ ಮತ್ತೆ ಇಟ್ಟರು. ಊಹೂಂ.

ಒಬ್ಬ ಮುದುಕರು ತೆಲುಗು ಕನ್ನಡ ಎರಡರಲ್ಲೂ ಬೈತಾ ಕೋಲು ಎತ್ತಿದರು. "ಏಂದಿರಾ ಇದಿ! ಹೆಣದ ಮುಂದೆ ಏನ್ಲೇ ನಿಮ್ದು, ಮಾನ ಮರ್ಯಾದೆ ಐತಾ?"

ಮ್ಯಾನೇಜರ್ರು ಹೆಣದ ಕಡೆ ತಿರುಗಿ, "ಅಯ್ಯೋ ದೊಡ್ಡಪ್ಪಾ, ನಮ್ಮನ್ನ ಬಿಟ್ಟು ಹೋದ್ಯಾ..." ಅಂತ ಒಂದು ಸಲ ಕೂಗಿ, ತಲೆ ತಗ್ಗಿಸಿ, "ತೆರೀತಾ?" ಅಂತ ನನ್ನ ಕೇಳಿದರು. "ಇಲ್ಲ ಸಾರ್" ಅಂದೆ. "ಅಯ್ಯೋ..." ಅಂತ ಮತ್ತೆ ಕೂಗಿದರು. ಈ ಎರಡನೇ ಅಳು ಮೊದಲನೆಯದಕ್ಕಿಂತ ಜೋರಾಗಿತ್ತು. ಮೂರನೇ ಸಲ ಬೆರಳಿಟ್ಟಾಗ ತೆರೀತು. ರೋಗಿ ಉಳ್ಕೊಂಡ. ನನಗೆ ಮಾತ್ರ ಇವತ್ತಿಗೂ ರಾಂಪುರದಲ್ಲಿ ಯಾರೂ ಟೀ ಕೊಡಲ್ಲ.

ಎಚ್ಚರಿಕೆಗೆ ಅಭಿನಂದನೆ

ಮೇಲಿನವರು ನಮ್ಮನ್ನ ಪರೀಕ್ಷಿಸೋಕೆ ಆಗಾಗ ಸುಳ್ಳು ಮೇಲ್ ಕಳಿಸ್ತಿದ್ದರು. ನಿಮಗೆ ಬಹುಮಾನ ಬಂದಿದೆ, ಇಲ್ಲಿ ಒತ್ತಿ ಅಂತ. ಒತ್ತಿದರೆ ಕೆಟ್ಟ ಹೆಸರು. ಒತ್ತದೆ, ಇದು ಮೋಸ ಅಂತ ದೂರು ಕೊಟ್ಟರೆ ತಕ್ಷಣ ಕಂಪ್ಯೂಟರೇ ಒಂದು ಅಭಿನಂದನೆ ಕಳಿಸುತ್ತೆ. ಭಾಯ್ ಇದರಲ್ಲಿ ಹುಲಿ. ಒಂದೂ ಮೇಲ್ ಬಿಡ್ತಿರಲಿಲ್ಲ. ಆದರೆ ಪರೀಕ್ಷೆ ಮಾತ್ರ ಪಾಪ, ಮೂರು ಸಲವೂ ಕೈಕೊಟ್ಟಿತು. ಇಂಗ್ಲಿಷ್ ಪ್ರಶ್ನೆ ಓದೋದರಲ್ಲೇ ಅವನ ಸಮಯ ಮುಗೀತಿತ್ತು.

ಒಂದು ಬೆಳಿಗ್ಗೆ ಪರದೆ ನೋಡಿ ಗಹಗಹಿಸಿ ನಕ್ಕ. "ಈ ಸಲ ನೋಡು ಎಂಥ ಸುಳ್ಳು ಕಳಿಸಿದಾರೆ! ನನ್ನ ಕೆಲಸದಿಂದ ತೆಗೆದಿದಾರಂತೆ. ಕಾಗದ ನೋಡೋಕೆ ಇಲ್ಲಿ ಒತ್ತಬೇಕಂತೆ. ನಾನೇನು ಹುಚ್ಚನಾ?" ದೂರು ಕೊಟ್ಟ. ಅಭಿನಂದನೆ ಬಂತು.

ಒಂಬತ್ತು ದಿನ ಕೆಲಸ ಮಾಡಿದ. ಹತ್ತನೇ ದಿನ ಮ್ಯಾನೇಜರ್ರು ಅವನನ್ನ ಹೊರಗೆ ಕರ್ಕೊಂಡು ಹೋಗಿ, ಹೆಗಲ ಮೇಲೆ ಕೈ ಹಾಕಿ, ಅದು ನಿಜವಾದ ಮೇಲ್ ಅಂತ ಹೇಳಿದರು. ಭಾಯ್ ಅವರನ್ನ ಅಡಿಯಿಂದ ಮುಡಿವರೆಗೆ ನೋಡಿ, "ನೀವು ಮ್ಯಾನೇಜರ್ರೇ ಅಂತ ಏನು ಸಾಬೀತು ಸಾರ್?" ಅಂದ. ಬಾಗಿಲಲ್ಲಿ ನಿಂತಿದ್ದ ನಾವು ನಕ್ಕೆವು. ಅವನು ಡಬ್ಬಿ ತಗೊಂಡು ಮೆಟ್ಟಿಲು ಇಳಿದು ಹೋದ.

ತುಟಿ ಮಾಡಿದ ಕೆಲಸ

ಆಮೇಲೆ ಪಾಸಾಗದೆ ಉಳಿದದ್ದು ನಾನು. ಮೊದಲ ಸಲ ನೇರವಾಗಿ ಫೇಲು. ಅದರಲ್ಲಿ ತಮಾಷೆ ಏನಿಲ್ಲ.

ಈ ಪರೀಕ್ಷೆ ಮನೆಯಲ್ಲೇ ಕೂತು ಬರೆಯೋದು. ಕ್ಯಾಮೆರಾದಲ್ಲಿ ದೂರದ ಊರಿನ ಒಬ್ಬ ಕಾವಲುಗಾರ ನಮ್ಮನ್ನೇ ನೋಡ್ತಾ ಇರ್ತಾನೆ. ನಾವು ಒಬ್ಬರೇ ಇರಬೇಕು, ಬಾಗಿಲು ಹಾಕಿರಬೇಕು, ಮುಖ ತಿರುಗಿಸಬಾರದು, ಮಾತಾಡಬಾರದು. ನನಗೆ ಚಿಕ್ಕಂದಿನಿಂದ ತುಟಿ ಆಡಿಸಿಕೊಂಡು ಓದೋ ಚಾಳಿ. ಎರಡನೇ ಸಲ ಬರೀವಾಗ ಕಾವಲುಗಾರ, ಯಾರ ಜೊತೆ ಮಾತಾಡ್ತಿದ್ದೀರಿ ಅಂತ ಬರೆದು ಕೇಳಿದ. ಯಾರ ಜೊತೆನೂ ಇಲ್ಲ ಸ್ವಾಮಿ ಅಂತ ಬಾಯಿಬಿಟ್ಟೇ ಹೇಳಿದೆ. ಮಾತಾಡಿದ್ದಕ್ಕೆ ಪರೀಕ್ಷೆ ರದ್ದು.

ಮೂರನೇ ಸಲ

ಉಳಿದದ್ದು ಒಂದೇ ಅವಕಾಶ. ವಾರಪೂರ್ತಿ ಊಟ ಸೇರಲಿಲ್ಲ, ನಿದ್ದೆ ಬರಲಿಲ್ಲ. ಪರೀಕ್ಷೆ ಬೆಳಿಗ್ಗೆ ಹನ್ನೊಂದಕ್ಕೆ. "ಅವ್ವ, ಎರಡು ಗಂಟೆ ನನ್ನ ಕರೀಬೇಡ. ಏನೇ ಆದ್ರೂ ಬಾಗ್ಲು ತಟ್ಟಬೇಡ," ಅಂದೆ. ಕಿಟಕಿಗೆ ಕಂಬಳಿ ಕಟ್ಟಿದೆ. ಒಳಗಿಂದ ಚಿಲಕ ಹಾಕಿದೆ.

ನಮ್ಮೂರಲ್ಲಿ ಹಗಲು ಯಾರೂ ಒಳಗಿಂದ ಚಿಲಕ ಹಾಕಲ್ಲ. ಹಿಂದಿನ ವರ್ಷ ನಮ್ಮ ಸಾಲಿನ ಒಬ್ಬ ಹಾಕಿಕೊಂಡಿದ್ದ. ಬಾಗಿಲು ಒಡೆದೇ ಅವನನ್ನ ತೊಲೆಯಿಂದ ಇಳಿಸಬೇಕಾಯ್ತು. ಅದು ನನಗೆ ಹೊಳೀಲೇ ಇಲ್ಲ ನೋಡಿ. ಅವ್ವನಿಗೆ ಹೊಳೀತು.

ನಲವತ್ತನೇ ಪ್ರಶ್ನೆಯಲ್ಲಿದ್ದಾಗ ಹೊರಗಿಂದ ಮೆಲ್ಲಗೆ, "ಮಗಾ?" ಅಂತ ಕೇಳಿಸಿತು. ನಾನು ಮಾತಾಡೋ ಹಾಗಿಲ್ಲ. "ಮಗಾ, ಒಂದ್ ಸಲ ಹೂಂ ಅನ್ನಪ್ಪ." ತುಟಿ ಕಚ್ಚಿಕೊಂಡೆ. ಅವ್ವ ಬಾಗಿಲು ಗುದ್ದಿದಳು. ಪಕ್ಕದ ಮನೆಯವರು ಬಂದರು. "ವಾರದಿಂದ ಉಂಡಿಲ್ಲ ಕಣ್ರಪ್ಪ, ಕರೀಬೇಡ ಅಂದ ಕಣ್ರಪ್ಪ," ಅಂತ ಅವಳು ಹೇಳೋದು ಕೇಳಿಸಿತು. ಯಾರೋ, "ಹಾರೆ ತಗೊಂಬರ್ರೋ!" ಅಂದರು.

ಪರದೆ ಮೇಲೆ ನಲವತ್ತೆಂಟನೇ ಪ್ರಶ್ನೆ. ಯಾರಾದರೂ ಬಲವಂತವಾಗಿ ಒಳನುಗ್ಗಲು ಯತ್ನಿಸಿದಾಗ ನೀವು ಮೊದಲು ಮಾಡಬೇಕಾದ್ದೇನು? ನಾಲ್ಕು ಉತ್ತರ ಕೊಟ್ಟಿದ್ದರು. ಯಾವುದರಲ್ಲೂ ಅವ್ವ ಇರಲಿಲ್ಲ.

ಬಾಗಿಲು ಮುರಿದು ಬಿತ್ತು. ಹದಿನೈದಿಪ್ಪತ್ತು ಜನ ನುಗ್ಗಿದರು. ನಾನು ಮುಖ ತಿರುಗಿಸಲಿಲ್ಲ. ಇನ್ನು ಹನ್ನೊಂದು ಪ್ರಶ್ನೆ ಬಾಕಿ ಇತ್ತು. ತಿರುಗಿದರೆ ಕೆಲಸ ಹೋಯ್ತು ಅನ್ನೋದೊಂದೇ ತಲೆಯಲ್ಲಿ. ಕಣ್ಣು ಮಿಟುಕಿಸದೆ ನೆಟ್ಟಗೆ ಕೂತಿದ್ದೆ. ಅವ್ವ ನೋಡಿದಳು. ಮಗ ಕಣ್ಣು ಬಿಟ್ಟಿದ್ದಾನೆ, ಕರೆದರೆ ಓಗೊಡಲ್ಲ, ಅಲುಗಾಡಲ್ಲ. ಕೂತಲ್ಲೇ ಪ್ರಾಣ ಹೋಗಿದೆ ಅಂತ ತಿಳಿದು, ನೆಲಕ್ಕೆ ಕುಸಿದು, ನಮ್ಮ ಕಡೆ ಹೆಣದ ಮುಂದೆ ಹಾಡಿ ಅಳ್ತಾರಲ್ಲ, ಹಾಗೆ ಶುರು ಮಾಡಿದಳು.

"ಅಪ್ಪ ಇಲ್ದ ಮನೆಗೆ ಕಂಬ ಆಗಿದ್ಯಲ್ಲೋ ನನ್ನಪ್ಪಾ... ಸಾರಿಗೆ ಉಪ್ಪು ಹಾಕೋದ್ ಮರ್ತ್ರೂ ಬಾಯಿ ಬಿಡ್ದೆ ಉಣ್ತಿದ್ಯಲ್ಲೋ... ಹೆಂಡ್ತಿ ಹೋದಾಗ ನಂಗ್ ಕಾಣ್ದಂಗೆ ಗೋಡೆ ಕಡೆ ತಿರುಗಿ ಅತ್ಯಲ್ಲೋ..."

ನನ್ನ ಅವ್ವ ನನ್ನನ್ನ ಹೊಗಳಿದ್ದು ಜೀವಮಾನದಲ್ಲಿ ಅದೇ ಮೊದಲು. ಆದರೂ ಐವತ್ತಕ್ಕೆ ಒತ್ತಿದೆ, ಐವತ್ತೊಂದಕ್ಕೆ ಒತ್ತಿದೆ. ಒಬ್ಬ ಅಜ್ಜ ಕಿರುಚಿದ, "ಲೇ, ಹೆಣದ ಬೆರಳು ಆಡ್ತೈತಲ್ಲೋ!"

ಅವ್ವನಿಗೆ ಅದು ಕೇಳಿಸಲಿಲ್ಲ. "ಎಲ್ಡ್ ಸಲ ಫೇಲಾದ್ರೂ ನನ್ ಮಗ ದಡ್ಡ ಅಲ್ಲ ಕಣ್ರೋ..." ಅಂದಳು. ಅಲ್ಲಿಗೆ ಮುಗೀತು. ತಿರುಗಿಬಿಟ್ಟೆ. "ಅವ್ವ, ನಾನ್ ಸತ್ತಿಲ್ಲ ಕಣೆ," ಅಂದೆ. ಅವ್ವ ಎದ್ದು ಬಂದು ಕೆನ್ನೆಗೆ ಎರಡು ಬಿಟ್ಟಳು. ಆಮೇಲೆ ತಬ್ಬಿಕೊಂಡಳು. ಕ್ಯಾಮೆರಾ ಎಲ್ಲ ನೋಡ್ತಾ ಇತ್ತು. ಪರದೆ ಕಪ್ಪಾಯ್ತು.

ಮರುದಿನ ಕಾಗದ ಬಂತು. ಕೊಠಡಿಯಲ್ಲಿ ಒಬ್ಬ ಮಹಿಳೆ ಅಭ್ಯರ್ಥಿಗೆ ರಾಗವಾಗಿ ಉತ್ತರಗಳನ್ನು ಹೇಳಿಕೊಡುತ್ತಿದ್ದ ಅನುಮಾನವಿದೆ. ಅಲ್ಲವೆಂದಾದರೆ, ಲಗತ್ತಿಸಿರುವ ಧ್ವನಿಮುದ್ರಣದ ಪ್ರತಿ ಸಾಲನ್ನೂ ಇಂಗ್ಲಿಷಿಗೆ ಅನುವಾದಿಸಿ ಕಳುಹಿಸುವುದು.

ನನ್ನ ಸಾವಿಗೆ ನನ್ನ ಅವ್ವ ಅತ್ತದ್ದನ್ನ ನಿಲ್ಲಿಸಿ ನಿಲ್ಲಿಸಿ ಕೇಳ್ತಾ, ಸಾಲುಸಾಲಾಗಿ ಇಂಗ್ಲಿಷ್ ಮಾಡಿದೆ. ಉಪ್ಪಿನ ಸಾಲು ಸುಲಭ ಇತ್ತು. ಗೋಡೆಯ ಸಾಲಿಗೆ ಒಂದು ಮಧ್ಯಾಹ್ನ ಹಿಡೀತು. ಅಷ್ಟು ಹೊತ್ತೂ ಕಣ್ಣು ಒರೆಸಿಕೊಳ್ತಾ ಕೂತಿದ್ದೆ. ನಾಚಿಕೆಯೇನಿಲ್ಲ ಹೇಳೋಕೆ.

ಹದಿನೈದು ದಿನಕ್ಕೆ ತೀರ್ಪು ಬಂತು. ಕಾಗದ ಹಿಡಿದು ಹಟ್ಟಿ ಬಾಗಿಲಲ್ಲಿ ಕೂತೆ. ಅವ್ವ ಕುರಿಗಳಿಗೆ ಸೊಪ್ಪು ಹಾಕ್ತಿದ್ದಳು.

"ಏನಂದ್ರಲೇ?" ಅಂದಳು.

"ಪರೀಕ್ಷೆ ರದ್ದೇ ಅಂತೆ. ಜನ ಒಳಗೆ ಬಂದಿದ್ದು ತಪ್ಪೇ ಅಂತೆ. ತಿಂಗಳ ಕೊನೆಗೆ ಕೆಲಸ ಹೋಗುತ್ತೆ ಅವ್ವ."

ಅವ್ವ ಉಳಿದ ಸೊಪ್ಪನ್ನ ಕುರಿಗಳ ಮುಂದೆ ಸುರಿದಳು. ಸೆರಗಿಗೆ ಕೈ ಒರೆಸಿಕೊಂಡು ಕೇಳಿದಳು, "ನಾನ್ ಅತ್ತಿದ್ಕೆ ಏನಂದ್ರು?"

"ನಿಂದೇನೂ ತಪ್ಪಿಲ್ಲಂತೆ. ಪೂರ್ತಿ ಪರಿಶೀಲಿಸಿದಾರಂತೆ. ಅದ್ರಲ್ಲಿ ಒಂದೇ ಒಂದು ಪ್ರಶ್ನೆಗೂ ಉತ್ತರ ಇಲ್ಲಂತೆ."

ಅವ್ವನಿಗೆ ರೇಗಿತು.

"ಉತ್ತರ ಗೊತ್ತಿದ್ರೆ ನನ್ ಮಗನಿಗೆ ಹೇಳ್ದೆ ಬಿಡ್ತಿದ್ನೇನಲೇ ನಾನು!"